ಉಂಡವರ ಹೊಣೆ

ಹಂಪಿಯನ್ನು ನೋಡಬಂದವರು ವಿಜಯವಿಠ್ಠಲನ ಕಲ್ಲಿನ ರಥದೆದುರು ನಿಂತು, ವಿರೂಪಾಕ್ಷನ ಗೋಪುರದ ಕೆಳಗೆ ತಲೆಯೆತ್ತಿ ನೋಡಿ, ಮಾತಂಗ ಪರ್ವತವನ್ನೇರಿ, ಒಂದು ಸಾಮ್ರಾಜ್ಯದ ವೈಭವವೂ ಅದರ ವಿನಾಶವೂ ಒಟ್ಟಿಗೆ ಕಣ್ಣಿಗೆ ಬೀಳುವ ಆ ದೃಶ್ಯದಿಂದ ಭಾರವಾದ ಮನಸ್ಸನ್ನು ಹೊತ್ತು ಹಿಂದಿರುಗುತ್ತಾರೆ. ಆದರೆ ಅವರು ನಡೆದುಬಂದ ದಾರಿಯ ಮಗ್ಗುಲಲ್ಲಿಯೇ ಬಾಳೆಯ ತೋಟಗಳ ನಡುವೆ ಬಂಡೆಗಳ ಬುಡವನ್ನು ಬಳಸಿಕೊಂಡು ಹರಿಯುವ ತುರ್ತಾ ಕಾಲುವೆಯ ಕಡೆಗೆ ಅವರ ದೃಷ್ಟಿ ಹೊರಳುವುದು ಅಪೂರ್ವ. ಅರಮನೆಗಳು ಬರಿಯ ಅಧಿಷ್ಠಾನಗಳಾಗಿ, ಪೇಟೆಗಳು ಬರಿಯ ಕಂಬಸಾಲುಗಳಾಗಿ ಉಳಿದಿರುವ ಈ ಪಟ್ಟಣದಲ್ಲಿ, ಯಾವ ಕಾರ್ಯಕ್ಕಾಗಿ ಹುಟ್ಟಿತೋ ಅದೇ ಕಾರ್ಯವನ್ನು ಇಂದಿಗೂ ಬಿಡದೆ ಮಾಡುತ್ತಿರುವ ನಿರ್ಮಾಣಗಳು ಯಾವುವೆಂದು ಕೇಳಿದರೆ, ವಿರೂಪಾಕ್ಷನ ಗುಡಿಯ ಜೊತೆಯಲ್ಲಿಯೇ ಹೆಸರಿಸಬೇಕಾದವು ಈ ಕಾಲುವೆಗಳು. 1565ರ ಯುದ್ಧದ ಬಳಿಕ ರಾಜಧಾನಿ ಸೂರೆಯಾಯಿತು, ಸುಟ್ಟುಹೋಯಿತು, ಬರಿದಾಯಿತು; ಕಾಲುವೆಯ ನೀರು ಮಾತ್ರ ಗದ್ದೆಯನ್ನು ಸೇರುವುದನ್ನು ನಿಲ್ಲಿಸಲಿಲ್ಲ.

ಕಲ್ಲಿನ ಒಡ್ಡುಗಳನ್ನು ನದಿಯ ಬಂಡೆಗಳಿಗೇ ಹೊಂದಿಸಿ ಕಟ್ಟಿದ ಕೌಶಲವೂ, ನೆಲದ ಇಳಿಜಾರನ್ನು ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಅನುಸರಿಸಿದ ಜಾಣ್ಮೆಯೂ ಇದಕ್ಕೆ ಕಾರಣವೆಂದು ಹೇಳುವುದುಂಟು. ಅದು ನಿಜವೇ. ಆದರೆ ಎಂತಹ ನಿಪುಣನು ತೋಡಿದ ಕಾಲುವೆಯಾದರೂ ಕೆಲವೇ ಮಳೆಗಾಲಗಳಲ್ಲಿ ಹೂಳು ತುಂಬಿ, ಜೊಂಡು ಬೆಳೆದು, ದಂಡೆ ಕುಸಿದು ನೆಲಸಮವಾಗುವ ವಸ್ತು. ಅರಸೊತ್ತಿಗೆ ಅಳಿದು, ಸುಲ್ತಾನರೂ ಪಾಳೆಯಗಾರರೂ ಕಂಪನಿ ಸರಕಾರದವರೂ ಒಬ್ಬರಾದ ಮೇಲೊಬ್ಬರು ಬಂದುಹೋದ ಆ ಶತಮಾನಗಳುದ್ದಕ್ಕೂ ಅದು ಉಳಿದುಬಂದಿದ್ದರೆ, ವರ್ಷ ವರ್ಷವೂ ಗುದ್ದಲಿ ಹಿಡಿದು ಕಾಲುವೆಗೆ ಇಳಿದವರು ಇದ್ದರೆಂದೇ ಅರ್ಥ. ಅವರ ಹೆಸರುಗಳು ಯಾವ ಶಿಲೆಯ ಮೇಲೂ ಇಲ್ಲ. ಅವರಿಗೆ ಪರಿಸರ ಸಂರಕ್ಷಣೆಯೆಂಬ ಮಾತು ತಿಳಿದಿರಲಿಲ್ಲ. ನೀರನ್ನುಂಡವನು ಕಾಲುವೆಗೆ ಇಳಿಯತಕ್ಕವನು ಎಂಬ ಒಂದು ವಿಷಯ ತಿಳಿದಿತ್ತು. ಪ್ರಕೃತಿಸಂಪತ್ತಿನ ವಿಷಯದಲ್ಲಿ ವ್ಯಕ್ತಿಯ ಹೊಣೆ ಎಂಬುದರ ಸಾರವೆಲ್ಲ ಈ ಒಂದು ತಿಳಿವಳಿಕೆಯಲ್ಲಿ ಅಡಗಿದೆಯೆಂದೂ, ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಈ ಸೀಮೆಯ ಇತ್ತೀಚಿನ ಸಂಕಟಗಳೆಲ್ಲವೂ ಅದು ಸಡಿಲವಾದುದರ ಫಲವೆಂದೂ ಹೇಳುವುದೇ ಈ ಲೇಖನದ ಉದ್ದೇಶ.

ಪುಣ್ಯವೂ ಪಾಲೂ

ಒಂದನೆಯ ದೇವರಾಯನ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನವನ್ನು ಕನ್ನಡಿಗರು ಶಾಲೆಯ ಪಾಠದಲ್ಲಿಯೇ ಕಂಡಿರುತ್ತಾರೆ. ಹಂಪಿಯ ಆ ಶಿಲಾಲೇಖದಲ್ಲಿ ತಾಯಿಯೊಬ್ಬಳು ಎಳೆಯ ಕೂಸಿಗೆ ಹಾಲೂಡುತ್ತ, ಕೆರೆ ಕಟ್ಟಿಸಬೇಕೆಂದೂ, ಬಾವಿ ತೋಡಿಸಬೇಕೆಂದೂ, ಸೆರೆಸಿಕ್ಕ ಅನಾಥರನ್ನು ಬಿಡಿಸಬೇಕೆಂದೂ ಕಿವಿಯಲ್ಲಿ ಹೇಳಿದಳೆಂಬ ವಿಷಯ ಬರುತ್ತದೆ. ಉಪದೇಶ ರಾಜಸಭೆಯಲ್ಲಿ ಪ್ರಭುವಿಗೆ ನಡೆದುದಲ್ಲ; ತೊಟ್ಟಿಲ ಮಗ್ಗುಲಲ್ಲಿ, ಇನ್ನೂ ಯಾವ ಅಧಿಕಾರವನ್ನೂ ಪಡೆಯದ ಶಿಶುವಿಗೆ ನಡೆದುದು. ಮುಂದೆ ಅವನು ಮಂತ್ರಿಯಾದುದು ಬೇರೆಯ ಮಾತು. ಕೆರೆಯ ಹೊಣೆ ಪದವಿಗಿಂತ ಮೊದಲೇ, ಅನ್ನದೊಡನೆಯೇ ಬರತಕ್ಕದ್ದೆಂಬ ಭಾವನೆ ಆ ಕಾಲದ ಒಂದು ಮನೆಯಲ್ಲಾದರೂ ಇತ್ತೆಂಬುದು ಗಮನಾರ್ಹ.

ಆದರೆ ಧರ್ಮಬುದ್ಧಿಯೊಂದನ್ನೇ ನೆಚ್ಚಿಕೊಂಡು ಕುಳಿತಷ್ಟು ಮುಗ್ಧರಾಗಿರಲಿಲ್ಲ ನಮ್ಮ ಪೂರ್ವಿಕರು. ಬಿತ್ತುವಟ್ಟ, ಕೆರೆಕೊಡಗೆ, ಕಟ್ಟುಕೊಡಗೆ, ದಶವಂದ ಎಂದು ಕಾಲದೇಶಗಳಿಗನುಸಾರವಾಗಿ ನಾನಾ ಹೆಸರು ಪಡೆದ ಏರ್ಪಾಡುಗಳು ಕರ್ನಾಟಕದ ಶಾಸನಗಳಲ್ಲಿ ತುಂಬಿವೆ. ಕೆರೆಯನ್ನು ಕಟ್ಟಿದವನಿಗೆ ಅಥವಾ ಕಾಪಾಡುವವನಿಗೆ ಅದರ ಅಚ್ಚುಕಟ್ಟಿನಲ್ಲಿಯೇ ಒಂದಿಷ್ಟು ಭೂಮಿಯನ್ನೋ, ಬೆಳೆಯಲ್ಲಿ ಒಂದಂಶವನ್ನೋ ಬಿಟ್ಟುಕೊಡುವುದು ಇವುಗಳ ತಿರುಳು. ಕೆರೆ ತುಂಬಿದರೆ ಅವನ ಗದ್ದೆ ಬೆಳೆಯುವುದು, ಏರಿ ಒಡೆದರೆ ಅವನ ಗದ್ದೆಯೂ ಒಣಗುವುದು. ಹಾಗಾಗಿ ಪರರ ಹಿತವನ್ನು ಕಾಯುವ ಕೆಲಸ ಅವನ ಸ್ವಹಿತದ ಕೆಲಸವೂ ಆಗುತ್ತಿತ್ತು. ತೂಬನ್ನೆತ್ತಿ ಇಳಿಸುವ, ಯಾರ ಗದ್ದೆಗೆ ಯಾವ ಜಾವದಲ್ಲಿ ಎಷ್ಟು ನೀರೆಂದು ನಿರ್ಣಯಿಸುವ ನೀರಗಂಟಿ, ಹೊಲದ ಹಿಡುವಳಿದಾರನಿಗೆ ಅಂಜದೆ ಆ ಕೆಲಸ ಮಾಡಬಲ್ಲವನಾದುದು ಅವನ ಪಾಲನ್ನು ಊರೇ ಕಣದಲ್ಲಿ ಅಳೆದುಕೊಡುತ್ತಿದ್ದುದರಿಂದ. ಪುಣ್ಯದ ಆಸೆ ಒಂದು ಕಡೆ, ಪಾಲಿನ ಲೆಕ್ಕ ಇನ್ನೊಂದು ಕಡೆ, ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಬರುವುದೆಂಬ ಶಾಪಾಶಯ ಮತ್ತೊಂದು ಕಡೆ: ಈ ಮೂರನ್ನೂ ಹೆಣೆದು ಅವರು ಹೊಣೆಗಾರಿಕೆಯನ್ನು ಭದ್ರಪಡಿಸಿದ್ದರು.

ಒಂದನೆಯ ಬುಕ್ಕನ ಮಗನಾದ ಭಾಸ್ಕರ ಅಥವಾ ಭವದೂರನು 1369ರಲ್ಲಿ ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ನಿಲ್ಲಿಸಿದ ಶಾಸನ ಈ ವಿಷಯದಲ್ಲಿ ಒಂದು ಪುಟ್ಟ ಶಾಸ್ತ್ರಗ್ರಂಥವೆಂದೇ ಹೇಳಬಹುದು. ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳು, ಆರು ದೋಷಗಳು ಎಂದು ಅದು ವಿಂಗಡಿಸುತ್ತದೆ. ಧರ್ಮವಂತನಾದ ಪ್ರಭು, ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸ, ಗಟ್ಟಿಮಣ್ಣಿನ ನೆಲ, ಸಿಹಿನೀರಿನ ಹೊಳೆ, ನಿಡಿದಾದ ಕಲ್ಲು ದೊರೆಯುವ ಗಣಿ, ಕೆಲಸ ಬಲ್ಲ ಜನ ಇವು ಅಂಗಗಳಲ್ಲಿ ಕೆಲವು. ದೋಷಗಳಾದರೋ ಇಂದಿನ ನಮಗಾಗಿಯೇ ಬರೆದಂತಿವೆ: ಏರಿಯಿಂದ ನೀರು ಸೋರುವುದು, ನೆಲ ಚೌಳಾಗಿರುವುದು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು, ನೀರು ಕಡಮೆಯಾಗಿದ್ದು ಉಣ್ಣಬೇಕಾದ ಭೂಮಿ ಹೆಚ್ಚಾಗಿರುವುದು. ಮೂರು ರಾಜ್ಯಗಳು ಹಂಚಿಕೊಳ್ಳಬೇಕಾದ, ಹೂಳಿನಿಂದ ಕುಗ್ಗುತ್ತಿರುವ, ಅಚ್ಚುಕಟ್ಟಿನ ನೆಲ ಕಡೆಕಡೆಗೆ ಚೌಳಾಗುತ್ತಿರುವ ನಮ್ಮ ತುಂಗಭದ್ರಾ ಜಲಾಶಯವನ್ನು ಆ ಶಾಸನದ ಕರ್ತೃ ಕಂಡಿದ್ದರೆ, ಬಹುಶಃ ತನ್ನ ಪಟ್ಟಿಗೆ ಬೇರೆ ನಿದರ್ಶನವನ್ನು ಹುಡುಕುತ್ತಿರಲಿಲ್ಲ.

ಪ್ರಭುವಿನ ಸಂಕಲ್ಪಕ್ಕೆ ಎಲ್ಲಿಯವರೆಗೆ ಶಕ್ತಿಯುಂಟೆಂಬುದಕ್ಕೂ ಈ ಸೀಮೆಯಲ್ಲಿ ಸಾಕ್ಷಿಯುಂಟು. ಹೊಸಪೇಟೆಯ ದಕ್ಷಿಣಕ್ಕೆ, ಸಂಡೂರಿನ ಬೆಟ್ಟಗಳ ಬಾಯಿಗೆ ಅಡ್ಡಲಾಗಿ ಕೃಷ್ಣದೇವರಾಯ ಕಟ್ಟಿಸಿದ ರಾಯಕೆರೆಯ ಏರಿ ಇಂದಿಗೂ ಗುಡ್ಡದಂತೆ ನಿಂತಿದೆ. ಅದು ಕಟ್ಟಲ್ಪಡುತ್ತಿದ್ದಾಗ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಅಲ್ಲಿ ದುಡಿಯುತ್ತಿದ್ದವರು 15-20 ಸಾವಿರ ಮಂದಿಯೆಂದು ಬರೆದಿಟ್ಟಿದ್ದಾನೆ. 1900ರಲ್ಲಿ ರಾಬರ್ಟ್ ಸಿವೆಲ್ ವಿಜಯನಗರದ ಚರಿತ್ರೆಯನ್ನು ಪ್ರಕಟಿಸುವ ಹೊತ್ತಿಗಾಗಲೇ ಆ ಕೆರೆ ಬತ್ತಿಹೋಗಿತ್ತು. ಚಕ್ರವರ್ತಿಯ ಅತಿ ದೊಡ್ಡ ಕೆರೆ ಬರಿದಾಗಿ, ಹೆಸರಿಲ್ಲದ ರೈತರು ಹೂಳೆತ್ತಿದ ಕಿರುಗಾಲುವೆಗಳು ಹರಿಯುತ್ತಲೇ ಇರುವ ಈ ನೆಲದಲ್ಲಿ, ಸರಕಾರ ಮಾಡಲಿ ಎಂದು ಕೈಕಟ್ಟಿ ಕುಳಿತುಕೊಳ್ಳುವ ಮುನ್ನ ಎರಡು ಬಾರಿ ಯೋಚಿಸಬೇಕಾಗುತ್ತದೆ.

ಹೂಳು ಹುಟ್ಟುವ ಸ್ಥಳ

1945ರಲ್ಲಿ ಮದರಾಸು ಮತ್ತು ಹೈದರಾಬಾದು ಸರಕಾರಗಳು ಹೊಳೆಯ ಎರಡು ದಡಗಳಿಂದ ಆರಂಭಿಸಿ 1953ರ ವೇಳೆಗೆ ನೀರು ನಿಲ್ಲಿಸಿದ ತುಂಗಭದ್ರಾ ಅಣೆಕಟ್ಟು ಬಹುಮಟ್ಟಿಗೆ ಕಲ್ಲು ಮತ್ತು ಸುರ್ಕಿ ಗಾರೆಯ ಕಟ್ಟಡ. ಸುಮಾರು 90 ಗ್ರಾಮಗಳು ತಮ್ಮ ಮನೆ, ಗುಡಿ, ಸ್ಮಶಾನಗಳನ್ನು ನೀರಿಗೊಪ್ಪಿಸಿ ಅದಕ್ಕೆ ಎಡೆಮಾಡಿಕೊಟ್ಟವು. 1521ರ ವಲ್ಲಭಾಪುರದ ಒಡ್ಡೂ ಆ ನೀರಿನಡಿ ಮುಳುಗಿತು. ಅದರಿಂದ ಹೊರಡುತ್ತಿದ್ದ ರಾಯ ಮತ್ತು ಬಸವಣ್ಣ ಕಾಲುವೆಗಳಿಗೆ ಜಲಾಶಯದಿಂದಲೇ ನೀರು ಕೊಡುವ ಏರ್ಪಾಡಾಯಿತು. ಹೀಗೆ ಹಳೆಯದನ್ನು ನುಂಗಿದ ಹೊಸದು ಹಳೆಯದರ ಹೊಣೆಯನ್ನೂ ಹೊತ್ತುಕೊಂಡುದು ಔಚಿತ್ಯಪೂರ್ಣವೇ ಸರಿ.

ಕಟ್ಟಿದಾಗ ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಈ ಜಲಾಶಯದ ಸಾಮರ್ಥ್ಯ 2016ರ ಸಮೀಕ್ಷೆಯಂತೆ 105.79 ಟಿಎಂಸಿಗೆ ಇಳಿದಿದೆ. ಒಂದು ಟಿಎಂಸಿಯೆಂದರೆ ನೂರು ಕೋಟಿ ಘನ ಅಡಿ. ಕಳೆದುಹೋದ 27 ಟಿಎಂಸಿಯ ಜಾಗದಲ್ಲಿ ಈಗ ಕುಳಿತಿರುವುದು ಮಣ್ಣು; ಅದನ್ನು ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರುಗಳಲ್ಲಿ ಸಾಗಿಸಹೊರಟರೆ ಏಳೂವರೆ ಕೋಟಿ ಬಾರಿಗೆ ಮೇಲ್ಪಟ್ಟು ತುಂಬಿ ಸುರಿಯಬೇಕಾದೀತು. ಅಷ್ಟು ಮಣ್ಣನ್ನು ಸುರಿಯುವ ಸ್ಥಳವಾವುದೆಂಬ ಪ್ರಶ್ನೆಗೆ ಉತ್ತರ ದೊರೆಯದೆ, ನವಲಿಯಲ್ಲಿ ಸಮತೋಲನ ಜಲಾಶಯವೊಂದನ್ನು ಕಟ್ಟಿ ನಷ್ಟವನ್ನು ತುಂಬಿಕೊಳ್ಳುವ ಆಲೋಚನೆ ಬಹುಕಾಲದಿಂದ ಚರ್ಚೆಯಲ್ಲಿದೆ.

ಹೂಳು ತುಂಬಿರುವುದು ಜಲಾಶಯದಲ್ಲಾದರೂ ಅದು ಹುಟ್ಟುವುದು ಮೇಲಿನ ಹೊಲಗಳಲ್ಲಿ. ಶಿವಮೊಗ್ಗ, ದಾವಣಗೆರೆ, ಹಾವೇರಿ, ವಿಜಯನಗರ ಜಿಲ್ಲೆಗಳ ಲಕ್ಷಾಂತರ ಹೊಲಗಳಲ್ಲಿ ಬದುವನ್ನು ಕಡಿದು ಒಂದು ಸಾಲು ಹೆಚ್ಚಿಗೆ ಬಿತ್ತಿದ, ಇಳಿಜಾರಿಗೆ ಅಡ್ಡವಾಗಿ ಉಳಬೇಕಾದುದನ್ನು ಉದ್ದಕ್ಕೆ ಉತ್ತ, ಹಳ್ಳದ ದಂಡೆಯ ಲಕ್ಕಿ ಗಿಡಗಳನ್ನು ಕಿತ್ತು ಅರ್ಧ ಗುಂಟೆಯನ್ನು ಗಳಿಸಿದ ಪ್ರತಿಯೊಂದು ಸಣ್ಣ ಲೋಭವೂ ಮೊದಲ ಬಿರುಮಳೆಗೆ ಕೆಂಪುನೀರಾಗಿ ಇಳಿದು ಬರುತ್ತದೆ. ಮೊದಲು ಹೋಗುವುದು ಮೇಲ್ಮಣ್ಣು. ರೈತನು ಗೊಬ್ಬರ ಹಾಕಿ ಸಾಕಿದ ಮಣ್ಣು. ಅವನು ತನ್ನ ಹೊಲದ ಸಾರವನ್ನು ಕಳೆದುಕೊಂಡು, ಕೆಳಗಿನವನ ನೀರಿನ ಪಾತ್ರವನ್ನೂ ತುಂಬಿಸಿ, ಇಬ್ಬರ ನಷ್ಟಕ್ಕೂ ತಾನೇ ಕಾರಣನಾಗುತ್ತಾನೆ. ಬೇಸಿಗೆಯಲ್ಲಿ ಕೆರೆಯ ಗೋಡುಮಣ್ಣನ್ನು ಬಂಡಿಗಳಲ್ಲಿ ಹೇರಿ ಹೊಲಕ್ಕೆ ಹಾಕುತ್ತಿದ್ದ ರೂಢಿಯಲ್ಲಿ, ಜಾರಿಹೋದ ಮಣ್ಣು ಮರಳಿ ತನ್ನ ಸ್ಥಾನಕ್ಕೆ ಬರುತ್ತಿತ್ತು, ಕೆರೆಯೂ ಆಳವಾಗುತ್ತಿತ್ತು. ಚೀಲದ ಗೊಬ್ಬರ ಬಂದ ಮೇಲೆ ಆ ಬಂಡಿಗಳ ಸಾಲು ಕಾಣೆಯಾಯಿತು.

ಹಾಗೆಂದು ಜನರ ಕೈ ಪೂರ್ತಿಯಾಗಿ ಸೋತುಹೋಗಿದೆಯೆನ್ನಲಾಗದು. 2017ರ ಬೇಸಿಗೆಯಲ್ಲಿ ತುಂಗಭದ್ರಾ ಅಚ್ಚುಕಟ್ಟಿನ ರೈತರು ಸರಕಾರದ ದಾರಿ ಕಾಯದೆ, ತಮ್ಮ ಟ್ರ್ಯಾಕ್ಟರುಗಳೊಡನೆ ಬತ್ತಿದ ಜಲಾಶಯದ ಅಂಗಳಕ್ಕಿಳಿದು ಹೂಳೆತ್ತತೊಡಗಿದರು. ಎತ್ತಿದ ಮಣ್ಣಿನ ಪ್ರಮಾಣ ಇದ್ದ ಮಣ್ಣಿನೆದುರು ಅತ್ಯಲ್ಪ. ಆದರೂ ಜಲಾಶಯ ತಮ್ಮದೆಂದು ಭಾವಿಸಿದವರು ಇದ್ದಾರೆಂಬುದನ್ನು ಅದು ನಾಡಿಗೆ ತಿಳಿಸಿತು. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಮುಂದೆ ನಿಂತು, ಜಾಲಿ ಬೆಳೆದು ಕೊಳಚೆ ನಿಂತಿದ್ದ ಹಿರೇಹಳ್ಳವನ್ನು 20 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಶುಚಿಗೊಳಿಸಿದಾಗ ಆ ಭಾಗದ ಹಳ್ಳಿಗರು ಹಣವನ್ನೂ ಯಂತ್ರವನ್ನೂ ಮೈದುಡಿಮೆಯನ್ನೂ ತಂದುಕೊಟ್ಟರು. ಜಲಾಶಯದ ಗಾತ್ರದಲ್ಲಿ ಅಸಾಧ್ಯವಾದುದು ಹಳ್ಳದ ಗಾತ್ರದಲ್ಲಿ ಸಾಧ್ಯವೆಂಬುದು ಅದರ ಪಾಠ. ಹೊಣೆಯನ್ನು ಹೊರುವವನು ತನ್ನ ಅಳತೆಗೆ ತಕ್ಕ ಸ್ಥಳವನ್ನು ಆರಿಸಿಕೊಳ್ಳಬೇಕು.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಚೈನು ಕಡಿದು ಗೇಟು ಕೊಚ್ಚಿಹೋದಾಗ, ತುಂಬಿದ ಜಲಾಶಯದ ನೀರು ತಡೆಯಿಲ್ಲದೆ ಹೊಳೆಗೆ ಧುಮುಕಿತು. ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನ ನಡುವೆಯೇ ಒಂದು ವಾರದೊಳಗಾಗಿ ತಾತ್ಕಾಲಿಕ ಗೇಟನ್ನು ಇಳಿಸಿದ ಕಾರ್ಮಿಕರ ಸಾಹಸವನ್ನು ನಾಡು ಕೊಂಡಾಡಿತು. ಕೊಂಡಾಡಿದುದು ಯುಕ್ತವೇ. ಆದರೆ ಏಳು ದಶಕಗಳ ಹಳೆಯ ಒಂದು ಸರಪಣಿಯ ಕೊಂಡಿಯ ಕಡೆಗೆ ಅದು ಕಡಿಯುವವರೆಗೂ ಲಕ್ಷಾಂತರ ಫಲಾನುಭವಿಗಳಾದ ನಮ್ಮಲ್ಲಿ ಯಾರ ಗಮನವೂ ಹರಿಯಲಿಲ್ಲವೆಂಬ ಮಾತನ್ನೂ ಆ ಸಂತೋಷದ ಜೊತೆಯಲ್ಲಿ ನೆನೆಯಬೇಕು.

ತಲೆಗಾಲುವೆಯ ಸುಖ

ಕಂಪ್ಲಿಯ ಗದ್ದೆಗಳು ಭಾಗ್ಯವಂತ ಗದ್ದೆಗಳು. ಕಂಪಿಲರಾಯನ ಮತ್ತು ಕುಮಾರರಾಮನ ಕಾಲದಿಂದ ಹೆಸರಾದ ಈ ಊರಿಗೆ ರಾಮಸಾಗರ, ಕಂಪ್ಲಿ, ಬೆಳಗೋಡುಹಾಳು ಕಾಲುವೆಗಳ ರೂಪದಲ್ಲಿ ವಿಜಯನಗರದ ಬಳುವಳಿ ದೊರೆತಿದೆ. ಭತ್ತ, ಕಬ್ಬು, ಬಾಳೆಗಳ ಹಸುರು ಇಲ್ಲಿ ಕಣ್ಣು ತುಂಬುವಷ್ಟು. ಆದರೆ ಇದೇ ಜಲಾಶಯದ ದೊಡ್ಡ ಕಾಲುವೆಗಳು ಹರಿದುಹೋಗುವ ದಿಕ್ಕಿನಲ್ಲಿ ಹೊರಟರೆ, ಸಿರುಗುಪ್ಪ, ಸಿಂಧನೂರುಗಳನ್ನು ದಾಟಿ ಮಾನ್ವಿ, ರಾಯಚೂರುಗಳ ಕೊನೆಯ ಉಪಕಾಲುವೆಗಳನ್ನು ಮುಟ್ಟುವ ಹೊತ್ತಿಗೆ, ನೀರಿಗಾಗಿ ರಸ್ತೆತಡೆ ಮಾಡುವ ರೈತರನ್ನು ಕಾಣುತ್ತೇವೆ.

ತುಂಗಭದ್ರಾ ಯೋಜನೆಯನ್ನು ರೂಪಿಸಿದವರು ಬರಗಾಲದ ಸೀಮೆಯಲ್ಲಿ ಆದಷ್ಟು ಹೆಚ್ಚು ಜನರಿಗೆ ಒಂದಿಷ್ಟು ನೀರು ತಲುಪಲೆಂದು ಅಚ್ಚುಕಟ್ಟಿನ ಬಹುಭಾಗವನ್ನು ಜೋಳ, ಹತ್ತಿ, ಸಜ್ಜೆಗಳಂತಹ ಮಿತ ನೀರಾವರಿಯ ಬೆಳೆಗಳಿಗೆಂದೇ ಗೊತ್ತುಮಾಡಿದ್ದರು. ಕಾಗದದ ಮೇಲಿನ ಈ ನ್ಯಾಯ ಕಾಲುವೆಯ ತಲೆಯಲ್ಲಿದ್ದವರ ಅನುಕೂಲದೆದುರು ನಿಲ್ಲಲಿಲ್ಲ. ನೀರು ಮೊದಲು ತಲುಪುವವರು ಭತ್ತ ಹಾಕಿದರು. ಒಂದಾದ ಮೇಲೆ ಎರಡನೆಯ ಬೆಳೆಗೂ ಭತ್ತವನ್ನೇ ಹಾಕಿದರು. ಒಂದು ಕಿಲೋ ಅಕ್ಕಿಗೆ ಎರಡು ಮೂರು ಸಾವಿರ ಲೀಟರ್ ನೀರು ಬೇಕೆಂಬ ಲೆಕ್ಕವನ್ನು ಯಾರೂ ಕೊನೆಗಾಲುವೆಯವನಿಗೆ ವಿವರಿಸಲಿಲ್ಲ. ಇದರಲ್ಲಿ ಖಳರು ಯಾರೂ ಇಲ್ಲ. ಭತ್ತಕ್ಕೆ ಮಾರುಕಟ್ಟೆ ಇದೆ, ಬೆಲೆ ಇದೆ, ಬೆಳೆಯುವ ಅಭ್ಯಾಸವಿದೆ. ಕಷ್ಟಪಟ್ಟು ದುಡಿಯುವ ಸಜ್ಜನ ಗೃಹಸ್ಥನೇ ರಾತ್ರಿ ತನ್ನ ಸರದಿ ಮುಗಿದ ಮೇಲೆಯೂ ತೂಬಿನ ಬಾಯನ್ನು ತೆರೆದಿಟ್ಟು ಮಲಗುತ್ತಾನೆ. ಕೂಡುಕುಟುಂಬದ ಕಣಜಕ್ಕೆ ಬಾಗಿಲ ಬಳಿಯ ಕೋಣೆಯವನು ಎರಡು ಸಲ ಕೈಹಾಕಿದರೆ ಒಳಮನೆಯವನಿಗೆ ಬೆಳಗಿನ ಗಂಜಿ ತಪ್ಪುವಂತೆ, ಇಲ್ಲಿ ಅನ್ಯಾಯಕ್ಕೆ ದ್ವೇಷದ ಅಗತ್ಯವಿಲ್ಲ. ಸ್ಥಾನದ ಅನುಕೂಲವೊಂದೇ ಸಾಕು.

ಪ್ರಕೃತಿ ಈ ಅತಿಭೋಗಕ್ಕೆ ತಾನೇ ದಂಡ ವಿಧಿಸುವುದೂ ಉಂಟು. ಬಸಿಗಾಲುವೆಗಳಿಲ್ಲದ ಎರೆಭೂಮಿಗೆ ಮಿತಿಮೀರಿ ನೀರುಣಿಸಿದಾಗ ನೆಲದೊಳಗಿನ ಲವಣ ಮೇಲಕ್ಕೇರಿ, ಮಣ್ಣಿನ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ. ಅಂತಹ ಚೌಳು ನೆಲದಲ್ಲಿ ಭತ್ತವೂ ಕೊನೆಗೆ ಸೋಲುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ದಶಕಗಳಿಂದ ಈ ರೋಗಕ್ಕೆ ಔಷಧ ಹುಡುಕುತ್ತಿದೆ. ಸಸಿ ನಾಟಿಯ ಬದಲು ಕೂರಿಗೆಯಿಂದ ಬಿತ್ತುವ ಕೂರಿಗೆ ಭತ್ತ, ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ ಆಗಾಗ ಆರಲು ಬಿಡುವ ಪದ್ಧತಿ ಇವು ನೀರನ್ನು ಗಣನೀಯವಾಗಿ ಉಳಿಸುತ್ತವೆಂಬುದು ಅಚ್ಚುಕಟ್ಟಿನ ರೈತರಿಗೆ ತಿಳಿಯದ ವಿಷಯವಲ್ಲ. ತಿಳಿದುದನ್ನು ಮಾಡಬೇಕಾದವನು ಒಬ್ಬೊಬ್ಬನೇ ರೈತ. ಅವನ ಪರವಾಗಿ ಬೇರಾರೂ ಮಾಡಲಾರರು.

ಕೆಂಪು ಬೆಟ್ಟಗಳ ಲೆಕ್ಕ

ಬಳ್ಳಾರಿಯ ಬಿಸಿಲುನಾಡಿನ ನಡುವೆ ಸಂಡೂರಿನ ಕಣಿವೆ ಒಂದು ವಿಸ್ಮಯ. ಸುತ್ತ ಬೆಟ್ಟಗಳು, ನಡುವೆ ಬೆಟ್ಟವನ್ನು ಸೀಳಿಕೊಂಡು ಹರಿಯುವ ನಾರಿಹಳ್ಳ, ಸ್ವಾಮಿಮಲೆಯ ಕಾಡಿನ ಮರೆಯಲ್ಲಿ ಪ್ರಾಚೀನವಾದ ಕುಮಾರಸ್ವಾಮಿ ಮತ್ತು ಪಾರ್ವತಿ ದೇವಾಲಯಗಳು. ಮಳೆನೀರನ್ನು ಹೀರಿ ವರ್ಷವಿಡೀ ತೊರೆಗಳಿಗೆ ಸ್ವಲ್ಪಸ್ವಲ್ಪವಾಗಿ ಕೊಡುವುದು ಆ ಬೆಟ್ಟಗಳ ನೆತ್ತಿ. ಅದಿರು ಇರುವುದೂ ಆ ನೆತ್ತಿಯಲ್ಲಿಯೇ. ನೆತ್ತಿಯನ್ನು ಕತ್ತರಿಸಿದರೆ ಕಬ್ಬಿಣ ದೊರೆಯುತ್ತದೆ, ತೊರೆ ಬತ್ತುತ್ತದೆ.

ಇಲ್ಲಿ ಗಣಿಗಾರಿಕೆ ಇಂದು ನಿನ್ನೆಯದಲ್ಲ. ಸಂಡೂರು ಮ್ಯಾಂಗನೀಸ್ ಕಂಪನಿ 1954ರಿಂದಲೂ, ದೋಣಿಮಲೆಯ ಎನ್‌ಎಂಡಿಸಿ ಗಣಿ 1977ರಿಂದಲೂ ಇವೆ. ಆದರೆ ಹೊಸ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಗಗನಕ್ಕೇರಿದಾಗ ನಡೆದುದು ಗಣಿಗಾರಿಕೆಯೆಂಬ ಶಿಷ್ಟ ಶಬ್ದಕ್ಕೆ ಒಗ್ಗುವಂಥದಲ್ಲ. ಗುತ್ತಿಗೆಯ ಗಡಿಕಲ್ಲುಗಳು ಸ್ಥಳ ಬದಲಿಸಿದವು, ಅರಣ್ಯ ಅಗೆಯಲ್ಪಟ್ಟಿತು, ಆಂಧ್ರದ ಗಡಿಯ ಸುಗ್ಗಲಮ್ಮ ದೇವಿಯ ಗುಡಿ 2006ರಲ್ಲಿ ಸಿಡಿಮದ್ದಿಗೆ ಬಲಿಯಾಯಿತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು 2008ರ ಡಿಸೆಂಬರಿನಲ್ಲಿಯೂ 2011ರ ಜುಲೈಯಲ್ಲಿಯೂ ಸಲ್ಲಿಸಿದ ವರದಿಗಳಲ್ಲಿ ಎರಡನೆಯದು, ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿಯೆಂದು ಎಣಿಸಿತು. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತ್ತು. 2011ರ ಜುಲೈ 29ರಂದು ನ್ಯಾಯಾಲಯ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು.

ದೊಡ್ಡವರ ಅಪರಾಧದ ಕಥೆ ಎಲ್ಲರಿಗೂ ಗೊತ್ತು. ಸಣ್ಣವರ ಪಾಲಿನ ಕಥೆಯನ್ನು ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಪಟ್ಟಾ ಹೊಲದ ಮೇಲ್ಮಣ್ಣಿನಡಿಯ ಅದಿರಿಗಾಗಿ ತಲೆತಲಾಂತರದ ಭೂಮಿಯನ್ನು ತಾವೇ ಅಗೆಯಲು ಕೊಟ್ಟವರು, ಅದಿರು ರಾಶಿಹಾಕಲು ತೋಟವನ್ನು ಬಾಡಿಗೆಗೆ ಬಿಟ್ಟವರು, ಸಾಲ ಮಾಡಿ ಲಾರಿ ಕೊಂಡು ಮಿತಿಮೀರಿ ಹೇರಿ ಓಡಿಸಿದವರು, ಸಾಲ ಕೊಟ್ಟವರು, ಚಹದಂಗಡಿಯಿಂದ ಬಂಗಾರದಂಗಡಿಯವರೆಗೆ ಆ ಹಣದ ಹೊಳೆಯಲ್ಲಿ ಕೈತೊಳೆದವರು ಇದೇ ಊರುಗಳ ನಮ್ಮ ನೆರೆಯವರು. ಹೊಸಪೇಟೆಯಿಂದ ಸಂಡೂರಿನವರೆಗೆ ರಸ್ತೆಯ ಎರಡೂ ಕಡೆಯ ಬೆಳೆಯ ಮೇಲೆ ಕೆಂಧೂಳು ಕೂತಿತು, ಮಕ್ಕಳು ಕೆಮ್ಮಿದರು, ಆದರೂ ಬಹುಮಂದಿ ಸುಮ್ಮನಿದ್ದರು, ಏಕೆಂದರೆ ಬಹುಮಂದಿಗೆ ಅದರಲ್ಲಿ ಅಲ್ಪಸ್ವಲ್ಪ ಪಾಲಿತ್ತು. ಗಣಿ ನಿಂತಾಗ ಸಾಲು ಸಾಲಾಗಿ ತುಕ್ಕು ಹಿಡಿಯುತ್ತ ನಿಂತ ಲಾರಿಗಳ ಕಂತು ತೀರಿಸಬೇಕಾದವರು ಗಣಿಯ ಒಡೆಯರಲ್ಲ, ಆ ಸಣ್ಣವರೇ.

ಹಾಗಾದರೆ ಎಲ್ಲರೂ ಅಪರಾಧಿಗಳು, ಆದುದರಿಂದ ಯಾರೂ ಅಪರಾಧಿಯಲ್ಲ ಎಂದು ತೀರ್ಮಾನಿಸಬೇಕೇ? ಹೊಣೆಯನ್ನು ವ್ಯಕ್ತಿಯ ಮೇಲೆ ಹೊರಿಸುವ ಉಪದೇಶಗಳಲ್ಲಿ ಈ ಅಪಾಯ ಇದ್ದೇ ಇದೆ: ಬೆಟ್ಟವನ್ನು ನುಂಗಿದವನನ್ನು ಬಿಟ್ಟು, ಹಲ್ಲುಜ್ಜುವಾಗ ನಲ್ಲಿ ತೆರೆದಿಟ್ಟವನನ್ನು ಗದರಿಸುವುದು. ಇದಕ್ಕೆ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯದ ತೀರ್ಪಿನಲ್ಲಿಯೇ ಕಾಣಬಹುದು. 2013ರ ಏಪ್ರಿಲ್ 18ರ ತೀರ್ಪು ಗಣಿಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿದುದನ್ನು ಒಪ್ಪಿಕೊಂಡಿತು. ಅತಿಕ್ರಮಣ ಇಲ್ಲದವರು ಅಥವಾ ತೀರ ಅಲ್ಪವಾದವರು ಮೊದಲ ವರ್ಗ. ಗುತ್ತಿಗೆಯ ಹೊರಗೆ ಶೇ. 10ರವರೆಗೆ ಅಗೆದವರೂ ಶೇ. 15ರವರೆಗೆ ತ್ಯಾಜ್ಯ ಸುರಿದವರೂ ಎರಡನೆಯದು, ಅವರು ಹೆಕ್ಟೇರಿಗೆ ಇಷ್ಟೆಂದು ಪರಿಹಾರ ತೆರಬೇಕಾಯಿತು. ಅದನ್ನೂ ಮೀರಿದವರ 51 ಗುತ್ತಿಗೆಗಳು ರದ್ದಾದವು. ಹೊಣೆಗೆ ಅಳತೆಯುಂಟು, ಅದು ಪಡೆದ ಲಾಭಕ್ಕೂ ಮಾಡಿದ ಹಾನಿಗೂ ಅನುಪಾತವಾಗಿರತಕ್ಕದ್ದು ಎಂಬ ಈ ತತ್ತ್ವ ನ್ಯಾಯಾಲಯದ ಹೊರಗೂ ಸಲ್ಲುವಂಥದು. ಲಾರಿಯ ಚಾಲಕನ ಹೊಣೆ ಗಣಿಯೊಡೆಯನ ಹೊಣೆಯಲ್ಲ. ಆದರೆ ಅದು ಶೂನ್ಯವೂ ಅಲ್ಲ.

ನ್ಯಾಯಾಲಯದ ಕೈಗೂ ಒಂದು ಎಲ್ಲೆಯುಂಟು. ಬಳ್ಳಾರಿಯಲ್ಲಿ ವರ್ಷಕ್ಕೆ ತೆಗೆಯಬಹುದಾದ ಅದಿರಿಗೆ ಅದು 25 ದಶಲಕ್ಷ ಟನ್ನಿನ ಮಿತಿಯನ್ನು ಹಾಕಿತು. ಅದೇ ಮಿತಿ ಮುಂದೆ 28ಕ್ಕೂ, 2022ರಲ್ಲಿ 35ಕ್ಕೂ ಏರಿತು. 2024ರಲ್ಲಿ ದೇವದಾರಿ ಬೆಟ್ಟದ ನಾನೂರು ಹೆಕ್ಟೇರಿಗೂ ಹೆಚ್ಚಿನ ಅರಣ್ಯದಲ್ಲಿ ಹೊಸ ಗಣಿಯ ಪ್ರಸ್ತಾಪ ಎದ್ದಾಗ, ಸುಮಾರು 99 ಸಾವಿರ ಮರಗಳ ಪ್ರಶ್ನೆ ಮತ್ತೆ ಜನರೆದುರು ಬಂತು. ಈ ಅದಿರೆಲ್ಲ ಎಲ್ಲಿಗೆ ಹೋಗುತ್ತದೆಂದು ಕೇಳಿಕೊಂಡರೆ, ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಎದ್ದ ನಮ್ಮ ನಮ್ಮ ಮನೆಗಳ ಕಂಬದೊಳಗಿನ ಸರಳುಗಳಲ್ಲಿ ಅದರ ಒಂದು ಪಾಲು ದೊರೆಯುತ್ತದೆ. ಇಬ್ಬರಿರುವ ಸಂಸಾರಕ್ಕೆ ಮೂರನೆಯ ಅಂತಸ್ತನ್ನು ಕಟ್ಟುವಾಗ, ಗಟ್ಟಿಮುಟ್ಟಾದ ಹಳೆಯ ಮನೆಯನ್ನು ಫ್ಯಾಷನ್ನಿಗಾಗಿ ಕೆಡವುವಾಗ, ಸಂಡೂರಿನ ಒಂದು ಹಿಡಿ ಬೆಟ್ಟ ಕರಗುವುದೆಂಬ ಅರಿವು ದೂರದ ಊರಿನವನಿಗೂ ಇರಬೇಕಾದುದು.

ನೀರುನಾಯಿಯ ನೆರೆಹೊರೆ

ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಹಂಪಿಯ ಬಂಡೆಗಳನ್ನು ಹಾದು ಕಂಪ್ಲಿಯ ಸೇತುವೆಯವರೆಗೆ 34 ಕಿಲೋಮೀಟರ್ ಉದ್ದದ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸರಕಾರ ಘೋಷಿಸಿತು. ದೇಶದಲ್ಲಿ ನೀರುನಾಯಿಗಾಗಿಯೇ ಮೀಸಲಾದ ಮೊದಲ ಪ್ರದೇಶ ಇದು. ನುಣುಪು ತುಪ್ಪಳದ, ಕುಟುಂಬಸಮೇತ ಬೇಟೆಯಾಡುವ, ಬಂಡೆಗಳ ಪೊಟರೆಯಲ್ಲಿ ಮರಿಗಳನ್ನು ಬೆಳೆಸುವ ಈ ಪ್ರಾಣಿ ಇರುವಲ್ಲಿ ನೀರು ಶುದ್ಧವಾಗಿದೆ, ಮೀನು ಸಮೃದ್ಧವಾಗಿದೆ ಎಂದು ತಿಳಿಯಬಹುದು. ಮೀನುಗಾರನಿಗೆ ಅದು ಬಲೆ ಹರಿಯುವ ಪ್ರತಿಸ್ಪರ್ಧಿ. ಅವನ ಕಷ್ಟವೂ ಸುಳ್ಳಲ್ಲ. ಆದರೆ ಮೀನಿಗೂ ನೀರುನಾಯಿಗೂ ಮೀನುಗಾರನಿಗೂ ಒಟ್ಟಿಗೆ ಕೇಡಾಗಿರುವುದು ಸಿಡಿಮದ್ದನ್ನೆಸೆದು ಮೀನು ಹಿಡಿಯುವ ಕ್ರೂರ ಅಡ್ಡದಾರಿ: ಒಂದು ಸಿಡಿತಕ್ಕೆ ಮಡುವಿನ ಮರಿಮೊಟ್ಟೆಗಳೆಲ್ಲ ನಾಶವಾಗಿ, ನಾಳೆಯ ಬಲೆಗೆ ಏನೂ ಉಳಿಯದು. ದಂಡೆಯ ಮರಳನ್ನು ಬಳಿದೊಯ್ಯುವುದೂ, ಬೇಸಿಗೆಯ ಕೊನೆಯ ಮಡುವಿಗೂ ಪಂಪುಸೆಟ್ಟು ಇಳಿಸುವುದೂ ಇದರ ಒಡಹುಟ್ಟುಗಳೇ.

ಹಂಪಿಗೆ ಬರುವ ಯಾತ್ರಿಕನ ಹೊಣೆ ಇವೆಲ್ಲಕ್ಕಿಂತ ಹಗುರವಾದುದರಿಂದಲೇ ಅದನ್ನು ಮರೆಯುವುದು ಹೆಚ್ಚು ಲಜ್ಜಾಸ್ಪದ. ಸ್ನಾನ ಮಾಡಿದ ಬಟ್ಟೆಯನ್ನು ಪಾಪಪರಿಹಾರದ ಹೆಸರಿನಲ್ಲಿ ಹೊಳೆಗೆ ಬಿಡುವುದು, ಪೂಜೆಯ ಹೂವನ್ನು ಪ್ಲಾಸ್ಟಿಕ್ ಚೀಲದೊಡನೆಯೇ ವಿಸರ್ಜಿಸುವುದು, ಕುಡಿದ ನೀರಿನ ಬಾಟಲಿಯನ್ನು ಮಂಟಪದ ಮೂಲೆಯಲ್ಲಿ ಬಿಟ್ಟುಬರುವುದು ಭಕ್ತಿಯ ಯಾವ ಶಾಸ್ತ್ರದಲ್ಲಿಯೂ ಹೇಳಿಲ್ಲ. ಎದುರು ದಡದ ಆನೆಗೊಂದಿಯಲ್ಲಿ, ಗೊನೆ ಕಡಿದ ಮೇಲೆ ಕೊಳೆಯಲು ಬಿಡುತ್ತಿದ್ದ ಬಾಳೆದಿಂಡಿನಿಂದ ನಾರು ಬಿಡಿಸಿ, ಹೊಸೆದು, ಚೀಲ ಬುಟ್ಟಿಗಳನ್ನು ಹೆಣೆಯುವ ಹೆಂಗಸರಿದ್ದಾರೆ. ಬಿಸಾಡುವುದರಲ್ಲಿ ಬೆಲೆ ಕಾಣುವ ಅವರ ಕಣ್ಣನ್ನು, ಬೆಲೆಯುಳ್ಳದ್ದನ್ನು ಬಿಸಾಡುವ ಯಾತ್ರಿಕ ಕಂಡು ಹೋಗುವುದು ಮೇಲು.

ಅನುಪಾತದ ಧರ್ಮ

1976ರಲ್ಲಿ ನಡೆದ 42ನೆಯ ತಿದ್ದುಪಡಿ ನಮ್ಮ ಸಂವಿಧಾನಕ್ಕೆ ಈ ವಿಷಯದಲ್ಲಿ ಎರಡು ಮಾತುಗಳನ್ನು ಸೇರಿಸಿತು. 48-ಎ ಅನುಚ್ಛೇದ ಪರಿಸರವನ್ನೂ ವನ್ಯಜೀವಿಗಳನ್ನೂ ರಕ್ಷಿಸುವ ಕಾರ್ಯವನ್ನು ರಾಜ್ಯಕ್ಕೆ ವಹಿಸಿದರೆ, 51-ಎ ಅನುಚ್ಛೇದದ ಜಿ ಖಂಡ ಕಾಡು, ಕೆರೆ, ನದಿಗಳನ್ನು ಕಾಯುವುದನ್ನು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವನ್ನಾಗಿ ಮಾಡಿತು. ಒಂದೇ ದಿನ ಒಂದೇ ಲೇಖನಿಯಿಂದ ಬಂದ ಈ ಅವಳಿಗಳಲ್ಲಿ ಮೊದಲನೆಯದನ್ನು ನಾವು ಸರಕಾರಕ್ಕೆ ಆಗಾಗ ನೆನಪಿಸುತ್ತೇವೆ. ಎರಡನೆಯದನ್ನು ನಮಗೆ ನೆನಪಿಸಲು ಯಾರನ್ನೂ ನೇಮಿಸಿಲ್ಲ. ಸರಕಾರ ತಪ್ಪಿದಾಗ ನ್ಯಾಯಾಲಯವಿದೆ. ನ್ಯಾಯಾಲಯ ಜೆಸಿಬಿಯನ್ನು ನಿಲ್ಲಿಸಬಲ್ಲುದು, ಗಡಿಕಲ್ಲನ್ನು ಮರಳಿ ನೆಡಿಸಬಲ್ಲುದು, ದಂಡದ ಹಣದಿಂದ ಗಿಡ ನೆಡಲು ನಿಗಮವನ್ನೂ ಸ್ಥಾಪಿಸಬಲ್ಲುದು. ಕಂಪ್ಲಿಯ ಒಂದು ಗದ್ದೆಯ ತೂಬನ್ನು ನಡುರಾತ್ರಿ ಎದ್ದು ಮುಚ್ಚುವುದು ಮಾತ್ರ ಯಾವ ಪೀಠಕ್ಕೂ ಸಾಧ್ಯವಿಲ್ಲದ ಕೆಲಸ.

ಉಂಡಷ್ಟಕ್ಕೆ ತಕ್ಕ ಹೊಣೆ ಎಂಬ ಅಳತೆಯನ್ನು ಒಪ್ಪಿಕೊಂಡರೆ ಯಾರ ಕರ್ತವ್ಯವೇನೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ. ಗಣಿಯ ಗುತ್ತಿಗೆದಾರನು ತೋಡಿದ ಕುಳಿಯನ್ನು ಮುಚ್ಚಿ, ತ್ಯಾಜ್ಯದ ರಾಶಿ ಮಳೆಗೆ ಜಾರದಂತೆ ಕಟ್ಟೆ ಕಟ್ಟಿ, ಸ್ಥಳೀಯ ಮರಗಳನ್ನು ಬೆಳೆಸಬೇಕಾದುದು ಅವನ ಔದಾರ್ಯವಲ್ಲ, ಬಾಕಿ ಸಾಲ. ತಲೆಗಾಲುವೆಯ ರೈತನು ಎರಡನೆಯ ಬೆಳೆಗಾದರೂ ಭತ್ತವನ್ನು ಬಿಡುವುದು, ಮೇಲ್ಸೀಮೆಯ ರೈತನು ಬದುವನ್ನು ಉಳಿಸಿಕೊಳ್ಳುವುದು, ಹಂಪಿಯ ವಸತಿಗೃಹದವನು ಕೊಳಚೆಯನ್ನು ಹೊಳೆಗೆ ಹರಿಸದಿರುವುದು, ಹೊಸಪೇಟೆಯ ಗೃಹಸ್ಥನು ಮಾಳಿಗೆಯ ಮಳೆನೀರನ್ನು ಹಿಡಿದು ನಲ್ಲಿಯ ನೀರನ್ನು ಮಿತವಾಗಿ ಬಳಸುವುದು ಇವೆಲ್ಲ ಒಂದೇ ತೂಕದ ಕೆಲಸಗಳಲ್ಲ; ಆದರೆ ದೊಡ್ಡವನು ತೆರಲಿಲ್ಲವೆಂದು ಸಣ್ಣವನ ಪಾಲು ಮನ್ನಾ ಆಗುವುದಿಲ್ಲ, ಸಣ್ಣವನು ತೆತ್ತನೆಂದು ದೊಡ್ಡವನ ಪಾಲು ತೀರುವುದೂ ಇಲ್ಲ. ಸಣ್ಣವನು ತನ್ನ ಪಾಲನ್ನು ತೀರಿಸಿದಾಗ ಅವನಿಗೆ ದೊರೆಯುವ ಒಂದು ಅಧಿಕ ಲಾಭವಿದೆ: ದೊಡ್ಡವನನ್ನು ಕಣ್ಣಿಗೆ ಕಣ್ಣಿಟ್ಟು ಕೇಳುವ ಧೈರ್ಯ. ಗಣಿಯ ದಿನಗಳಲ್ಲಿ ಈ ಸೀಮೆ ಕಳೆದುಕೊಂಡುದು ಬೆಟ್ಟವನ್ನಷ್ಟೇ ಅಲ್ಲ, ಈ ಧೈರ್ಯವನ್ನೂ.

ಕರ್ನಾಟಕದ ನೀರಾವರಿ ಕಾಯಿದೆಗೆ 2000ದಲ್ಲಿ ಆದ ತಿದ್ದುಪಡಿ, ಕಾಲುವೆಗಳ ನಿರ್ವಹಣೆಯನ್ನೂ ನೀರಿನ ಹಂಚಿಕೆಯನ್ನೂ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಒಪ್ಪಿಸುವ ಅವಕಾಶ ಕೊಟ್ಟಿದೆ. ಸಂರಕ್ಷಣಾ ಮೀಸಲು ಪ್ರದೇಶದ ನಿರ್ವಹಣಾ ಸಮಿತಿಯಲ್ಲಿ ದಂಡೆಯ ಗ್ರಾಮಪಂಚಾಯಿತಿಗಳ ಪ್ರತಿನಿಧಿಗಳು ಇರಬೇಕೆಂದು ವನ್ಯಜೀವಿ ಕಾಯಿದೆ ಹೇಳುತ್ತದೆ. ನೀರಗಂಟಿಯ ಅಧಿಕಾರವೂ ಕೆರೆಕೊಡಗೆಯ ಹಕ್ಕೂ ಹೊಸ ಹೆಸರಿನಲ್ಲಿ ನಮ್ಮ ಕೈಗೆ ಮರಳಿ ಬಂದಿವೆಯೆಂದೇ ಇದರ ಅರ್ಥ. ಹಲವು ಸಂಘಗಳು ಹೆಸರಿಗೆ ಮಾತ್ರ ಇವೆಯೆಂದರೆ ಅದಕ್ಕೆ ಸದಸ್ಯರು ಸಭೆಗೆ ಹೋಗದಿರುವುದೂ ಒಂದು ಕಾರಣ. ಮುಂಗಾರಿನ ನೀರು ಬಿಡುವ ಮುನ್ನ ನಡೆಯುವ ಆ ಸಭೆಗಳಿಗೆ ನಮ್ಮ ಜನ ಇಷ್ಟು ಕಾಲ ಎಷ್ಟು ನೀರು ಬೇಕೆಂಬ ಬೇಡಿಕೆಯೊಂದನ್ನೇ ಒಯ್ದರು. ಕಳೆದ ಸಾಲಿನಲ್ಲಿ ಎಷ್ಟನ್ನು ಬಳಸಿದೆವು, ಎಷ್ಟನ್ನು ಕೆಳಗಿನವನಿಗೆ ಬಿಟ್ಟೆವು, ಎಷ್ಟು ಮಾರು ಕಾಲುವೆಯ ಹೂಳೆತ್ತಿದೆವು ಎಂಬ ಲೆಕ್ಕವನ್ನೂ ಜೊತೆಯಲ್ಲಿ ಒಯ್ಯುವ ಪದ್ಧತಿಯನ್ನು ಮುಂದಿನ ಮುಂಗಾರಿನಿಂದ ಒಂದೊಂದು ಊರೂ ಆರಂಭಿಸಬಹುದು. ಅದಕ್ಕೆ ಸರಕಾರದ ಆದೇಶವೂ ಬೇಕಿಲ್ಲ, ಅನುದಾನವೂ ಬೇಕಿಲ್ಲ.